ಬಾಟಲ್ ತುಂಬಿದೆ, ರೇಡಿಯೇಟರ್ ತುಂಬಿಲ್ಲ: ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಪ್ರಕರಣ

ಗಾಡಿ ಹತ್ತು ವರ್ಷ ಹಳೆಯದು. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುವಲ್ ಗೇರ್, ನಾಬ್ ತಿರುಗಿಸುವ ಸಾದಾ ಎಸಿ. ಈಗಿನ ಮಾಲಕಿ ಅದನ್ನು ಕೊಂಡು ಇನ್ನೂ ಒಂದು ವರ್ಷ ಆಗಿರಲಿಲ್ಲ. ಟ್ರಾಫಿಕ್‌ನಲ್ಲಿ ಎಂಜಿನ್ ಹೀಟ್ ಆಗುತ್ತದೆ, ನಿಂತಲ್ಲಿ ಎಸಿ ತಂಪು ಬಿಡುವುದಿಲ್ಲ, ಚಳಿಯ ಬೆಳಿಗ್ಗೆ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ ಎಂಬುದು ಅವರ ದೂರು. ಈ ಮೂರಕ್ಕೂ ಅವರಿಗೆ ಆಗಲೇ ಬೇರೆ ಬೇರೆ ಕಡೆ ಬೇರೆ ಬೇರೆ ತೀರ್ಪು ಸಿಕ್ಕಿತ್ತು. ಒಂದು ಕಡೆ ಎಸಿ ಗ್ಯಾಸ್ ತುಂಬಿಸಿ ಕಳುಹಿಸಿದ್ದರು. ಇನ್ನೊಂದು ಕಡೆ ರೇಡಿಯೇಟರ್ ಬದಲಿಸಬೇಕು ಎಂದಿದ್ದರು. ಮತ್ತೊಂದು ಕಡೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸದೆ ಗತಿಯಿಲ್ಲ ಎಂದು ಹೆದರಿಸಿದ್ದರು.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ಒಬ್ಬರ ಕೈಯಲ್ಲೇ ಬೆಳೆದ ಗಾಡಿಯಲ್ಲಿ ಕೆಟ್ಟ ಭಾಗ ಯಾವುದು ಎಂದು ಹುಡುಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಕೈ ಬದಲಾದ ಗಾಡಿಯಲ್ಲಿ ಅಷ್ಟು ಸಾಲದು. ಹಿಂದೆ ಯಾರೋ ಮಾಡಿದ ರಿಪೇರಿಗಳು ಮೂಲ ದೋಷದ ಮೇಲೆ ಪದರ ಪದರವಾಗಿ ಕೂತಿರುತ್ತವೆ. ಆ ಪದರಗಳನ್ನು ಮೊದಲು ಬಿಡಿಸದೆ ಹೊಸ ಭಾಗ ಹಾಕಿದರೆ ದುಡ್ಡು ಹೋಗುತ್ತದೆ, ದೋಷ ಹೋಗುವುದಿಲ್ಲ.

ಮೊದಲ ಪ್ರಶ್ನೆ: ಯಾವಾಗ?

"ಹೀಟ್ ಆಗುತ್ತೆ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಯಾವಾಗ ಆಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಈ ಮಾಲಕಿ ಗಮನವಿಟ್ಟು ಗಾಡಿ ಓಡಿಸುವವರು, ಅದು ನಮ್ಮ ಪುಣ್ಯ.

"ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಮೇಲೆ ಹೋಗುತ್ತೆ ಸರ್. ಗಾಡಿ ಓಡೋಕೆ ಶುರುವಾದ ಮೇಲೆ ತಾನೇ ಇಳಿಯುತ್ತೆ. ಹೈವೇಯಲ್ಲಂತೂ ನಡುವಿಗಿಂತ ಕೆಳಗೇ ಇರುತ್ತೆ."

"ಎಸಿ?"

"ಅದೂ ಹಾಗೇ. ಓಡುವಾಗ ಚೆನ್ನಾಗಿ ತಂಪು, ನಿಂತ ಕೂಡಲೇ ಬೆಚ್ಚಗಾಗುತ್ತೆ."

"ಹೀಟರ್ ಹಾಕಿಕೊಂಡು ಆಕ್ಸಿಲರೇಟರ್ ಒತ್ತಿ ನೋಡಿದ್ದೀರಾ ಮೇಡಂ?"

"ಒತ್ತಿದರೆ ಸ್ವಲ್ಪ ಬೆಚ್ಚಗೆ ಬರುತ್ತೆ. ಬಿಟ್ಟರೆ ಮತ್ತೆ ತಣ್ಣಗೆ."

ನಿಂತಾಗ ಬಿಸಿ, ಓಡುವಾಗ ತಂಪು ಎಂದರೆ ಅನುಮಾನ ಮೊದಲು ಗಾಳಿಯ ಮೇಲೆ ಹೋಗಬೇಕು. ಓಡುವ ಗಾಡಿಗೆ ಎದುರುಗಾಳಿ ತಾನಾಗಿ ಸಿಗುತ್ತದೆ, ನಿಂತ ಗಾಡಿಗೆ ಫ್ಯಾನೇ ಗತಿ. ಇದಕ್ಕೆ ತದ್ವಿರುದ್ಧವಾಗಿ, ನಿಂತಾಗ ಸರಿಯಿದ್ದು ಏರುದಾರಿಯಲ್ಲೋ ಹೆಚ್ಚು ವೇಗದಲ್ಲೋ ಹೀಟ್ ಆದರೆ ಫ್ಯಾನ್ ಬಿಟ್ಟು ನೀರಿನ ಹರಿವನ್ನು ನೋಡಬೇಕು. ಒಳಗೆ ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪ್, ಹೀರುವ ಒತ್ತಡಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್ ಆಗ ಅನುಮಾನಿತರು. ಎಸಿಯ ಶಾಖವನ್ನು ಹೊರಗೆ ಬಿಡುವ ಕಂಡೆನ್ಸರ್ ಇರುವುದು ರೇಡಿಯೇಟರ್ ಮುಂದೆಯೇ, ಎರಡಕ್ಕೂ ಗಾಳಿ ಎಳೆಯುವುದು ಅದೇ ಫ್ಯಾನ್. ಎಂಜಿನ್ ಮತ್ತು ಎಸಿ ಒಂದೇ ಹೊತ್ತಿಗೆ, ನಿಂತಾಗ ಮಾತ್ರ ಕೈಕೊಟ್ಟರೆ ಅವು ಎರಡು ರೋಗವಲ್ಲ. ಎಸಿ ತಂಪಿಲ್ಲ ಎಂದು ಗ್ಯಾಸ್ ತುಂಬಿಸಿದವರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು.

ಆದರೆ ಹೈವೇಯಲ್ಲಿ ಮುಳ್ಳು ನಡುವಿಗಿಂತ ಕೆಳಗೆ ಇಳಿಯುವುದಕ್ಕೂ ಹೀಟರ್ ತಣ್ಣಗಿರುವುದಕ್ಕೂ ಫ್ಯಾನ್ ಕಾರಣವಾಗಲಾರದು. ಅಲ್ಲಿ ಬೇರೇನೋ ಇತ್ತು.

ಎಂಜಿನ್ ತಣ್ಣಗಿದ್ದಾಗ

ಗಾಡಿಯನ್ನು ರಾತ್ರಿ ನಮ್ಮಲ್ಲೇ ಬಿಡಿಸಿಕೊಂಡೆವು. ಕೂಲಿಂಗ್ ತೊಂದರೆಯ ಅತಿ ಮುಖ್ಯವಾದ ತಪಾಸಣೆ ನಡೆಯುವುದು ಎಂಜಿನ್ ಸ್ಟಾರ್ಟ್ ಮಾಡುವ ಮೊದಲು. ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆಗೆಯಲೇಬಾರದು. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ಇರುತ್ತದೆ, ಕ್ಯಾಪ್ ಸಡಿಲಿಸಿದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.

ರಿಸರ್ವ್ ಬಾಟಲ್ ಮೇಲಿನ ಗೆರೆಯವರೆಗೂ ತುಂಬಿತ್ತು. "ನಾನು ವಾರ ವಾರ ನೋಡ್ತೀನಿ, ಯಾವತ್ತೂ ಕಮ್ಮಿ ಆಗಿಲ್ಲ" ಎಂದು ಮಾಲಕಿ ಹೇಳಿದ್ದು ನಿಜ. ರೇಡಿಯೇಟರ್ ಕ್ಯಾಪ್ ತೆಗೆದರೆ ನೀರು ಕಾಣಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಬಾಯಿಯಿಂದ ಸಾಕಷ್ಟು ಕೆಳಗೆ ತುಕ್ಕಿನ ಬಣ್ಣದ ನೀರಿತ್ತು.

ಈ ಒಂದು ಅಂಶವನ್ನು ಬಹಳ ಜನ ಗಮನಿಸುವುದಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ಇಂಥ ಗಾಡಿಗಳಲ್ಲಿ ರೇಡಿಯೇಟರ್ ಕ್ಯಾಪ್‌ನಲ್ಲಿ ಎರಡು ವಾಲ್ವ್ ಇರುತ್ತವೆ. ನೀರು ಬಿಸಿಯಾಗಿ ಹಿಗ್ಗಿದಾಗ ದೊಡ್ಡ ವಾಲ್ವ್ ಎದ್ದು, ಹೆಚ್ಚಾದದ್ದನ್ನು ಸಣ್ಣ ಪೈಪಿನ ಮೂಲಕ ಬಾಟಲ್‌ಗೆ ಬಿಡುತ್ತದೆ. ಎಂಜಿನ್ ತಣ್ಣಗಾದಾಗ ಒಳಗೆ ನಿರ್ವಾತ ಉಂಟಾಗಿ ನಡುವಿನ ಪುಟ್ಟ ವಾಲ್ವ್ ತೆರೆದುಕೊಳ್ಳುತ್ತದೆ, ಅದೇ ಪೈಪಿನಿಂದ ನೀರು ವಾಪಸ್ ಬರುತ್ತದೆ. ಆ ಪೈಪ್ ಎಲ್ಲಾದರೂ ಸೀಳಿದ್ದರೆ, ಇಲ್ಲವೇ ಕ್ಯಾಪ್‌ನ ಮೇಲಿನ ರಬ್ಬರ್ ಬಿಗಿಯಾಗಿ ಕೂರದಿದ್ದರೆ, ತಣ್ಣಗಾಗುವಾಗ ಒಳಗೆ ಬರುವುದು ನೀರಲ್ಲ, ಗಾಳಿ. ಬಾಟಲ್‌ಗೆ ಹೋದ ನೀರು ಅಲ್ಲೇ ಉಳಿಯುತ್ತದೆ. ದಿನ ದಿನಕ್ಕೆ ರೇಡಿಯೇಟರ್ ಇಳಿಯುತ್ತದೆ, ಬಾಟಲ್ ಮಾತ್ರ ತುಂಬಿಯೇ ಇರುತ್ತದೆ. ಈ ಗಾಡಿಯಲ್ಲಿ ಎರಡೂ ಆಗಿದ್ದವು. ಪೈಪ್ ರೇಡಿಯೇಟರ್ ಬಾಯಿಯ ಹತ್ತಿರ ಸೀಳಿತ್ತು, ಕ್ಯಾಪ್‌ನ ರಬ್ಬರ್ ಉಗುರಿಗೆ ಸಿಕ್ಕದಷ್ಟು ಗಟ್ಟಿಯಾಗಿತ್ತು.

ಕ್ಯಾಪ್ ಮೇಲೆ 0.9 ಎಂದು ಅಚ್ಚಾಗಿತ್ತು. ಅಂದರೆ ಅದು ಸುಮಾರು 13 ಪಿಎಸ್‌ಐ ಒತ್ತಡ ಹಿಡಿಯಬೇಕು. ಒತ್ತಡ ಪರೀಕ್ಷಿಸುವ ಕೈಪಂಪಿಗೆ ಸಿಕ್ಕಿಸಿ ನೋಡಿದರೆ ಅದರ ಅರ್ಧಕ್ಕೂ ಮೊದಲೇ ಬಿಟ್ಟುಕೊಟ್ಟಿತು. ಇದು ಸಣ್ಣ ಸಂಗತಿಯಲ್ಲ. 13 ಪಿಎಸ್‌ಐ ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ನೀರಿಗೆ ಅರ್ಧ ಅರ್ಧ ಬೆರೆಸಿದ ಕೂಲೆಂಟ್ (ಕುದಿತ, ತುಕ್ಕು ತಡೆಯುವ ದ್ರವ) ಇನ್ನೂ ಮೇಲಕ್ಕೆ ತಾಳುತ್ತದೆ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಆ ರಕ್ಷಣೆ ಹೋಯಿತು. ಎಕ್ಸಾಸ್ಟ್ ವಾಲ್ವ್‌ಗಳ ಸುತ್ತ ಹೆಡ್‌ನಲ್ಲಿ ಅಲ್ಲಲ್ಲೇ ಕುದಿತ ಶುರುವಾಗುತ್ತದೆ, ಆವಿಯ ಗುಳ್ಳೆ ಇರುವ ಜಾಗದಲ್ಲಿ ಲೋಹಕ್ಕೆ ತಂಪು ತಾಗುವುದಿಲ್ಲ.

ನೀರಿನಲ್ಲಿ ಕೂಲೆಂಟ್ ಎಷ್ಟಿದೆ ಎಂದು ತೋರಿಸುವ ಮೀಟರ್‌ನಲ್ಲಿ ಒಂದು ಹನಿ ಹಾಕಿ ನೋಡಿದರೆ ಒಳಗಿದ್ದದ್ದು ಹೆಚ್ಚುಕಡಿಮೆ ಬರೀ ನೀರು. ನೀರಿನಲ್ಲಿ ಕಂದು ಬಣ್ಣದ ಸಣ್ಣ ಹರಳುಗಳೂ ತೇಲುತ್ತಿದ್ದವು. ಲೀಕ್ ನಿಲ್ಲಿಸಲು ಯಾರೋ ಹಿಂದೆ ಪುಡಿ ಹಾಕಿದ್ದರು ಎಂಬುದಕ್ಕೆ ಅದೇ ಗುರುತು. ಅದನ್ನು ಬರೆದಿಟ್ಟುಕೊಂಡೆವು.

ಸ್ಟಾರ್ಟ್ ಮಾಡಿದ ಮೇಲೆ

ಕೂಲೆಂಟ್ ಇಲ್ಲದೆ ಓಡಿಸಿ ಪರೀಕ್ಷೆ ಮಾಡುವುದು ಎಂಜಿನ್‌ಗೆ ಅಪಾಯ. ಅದಕ್ಕೆ ಮೊದಲು ಪೈಪ್ ಹಾಗೂ ಕ್ಯಾಪ್ ಹೊಸದು ಹಾಕಿ, ತಾತ್ಕಾಲಿಕವಾಗಿ ನೀರು ತುಂಬಿಸಿ, ಗಾಳಿ ತೆಗೆದೆವು. ಆಮೇಲೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಸಿಕ್ಕಿಸಿದೆವು. ಪಿ0128 ಎಂಬ ಕೋಡ್ ಇತ್ತು. ಎಂಜಿನ್ ಇಷ್ಟು ಹೊತ್ತಿಗೆ ಇಷ್ಟು ಬಿಸಿಯಾಗಬೇಕಿತ್ತು, ಆಗಿಲ್ಲ ಎಂಬುದು ಅದರ ಅರ್ಥ. ಹೀಟ್ ಆಗುತ್ತದೆ ಎಂದು ಬಂದ ಗಾಡಿಯ ಕಂಪ್ಯೂಟರ್ ತಾನು ಬಿಸಿಯೇ ಆಗುತ್ತಿಲ್ಲ ಎಂದು ದೂರುತ್ತಿತ್ತು. ಮಾರಿದವರು ಆ ಕೋಡ್‌ನಿಂದ ಉರಿಯುವ ಡ್ಯಾಶ್‌ಬೋರ್ಡ್ ದೀಪವನ್ನು "ಬರೀ ಸೆನ್ಸರ್ ದೀಪ" ಎಂದು ಹೇಳಿ ಮುಗಿಸಿದ್ದರಂತೆ.

ತಾಪ ಅಳೆಯುವ ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಕೂಲೆಂಟ್ ತಾಪವನ್ನೂ ಒಳಬರುವ ಗಾಳಿಯ ತಾಪವನ್ನೂ ಜೊತೆಯಾಗಿ ನೋಡಬೇಕು. ಎರಡೂ ಕೆಲವೇ ಡಿಗ್ರಿ ಅಂತರದಲ್ಲಿರಬೇಕು. ಇಲ್ಲಿ ಇದ್ದವು. ಸೆನ್ಸರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಸರಿಯಾಗಿರುವ ಎಂಜಿನ್‌ನಲ್ಲಿ ತಾಪ ಬೇಗ ಬೇಗ ಏರುತ್ತದೆ. ಅಲ್ಲಿಯವರೆಗೂ ರೇಡಿಯೇಟರ್‌ನ ಮೇಲಿನ ಹೋಸ್ ತಣ್ಣಗೇ ಇರುತ್ತದೆ. ಈ ಎಂಜಿನ್‌ನ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ವಾಲ್ವ್) ತೆರೆಯಲು ಶುರುವಾಗಬೇಕಾದದ್ದು 82 ಡಿಗ್ರಿಗೆ. ಆ ಹೊತ್ತಿಗೆ ಹೋಸ್ ಥಟ್ಟನೆ ಬಿಸಿಯಾಗುತ್ತದೆ. ಇಲ್ಲಿ ಹೋಸ್ ಮೊದಲ ನಿಮಿಷದಿಂದಲೇ ಎಂಜಿನ್ ಜೊತೆಜೊತೆಗೆ ಬೆಚ್ಚಗಾಗುತ್ತಾ ಬಂತು, ತಾಪ ಆಮೆಗತಿಯಲ್ಲಿ ಏರಿತು. ರಸ್ತೆಯಲ್ಲಿ ಓಡಿಸಿದಾಗ 62ರಿಂದ 66ರ ಮೇಲೆ ಹೋಗಲೇ ಇಲ್ಲ. ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟ್ ಇರಲಿಲ್ಲ. ಯಾರೋ ತೆಗೆದು ಖಾಲಿ ಹೌಸಿಂಗ್ ಮುಚ್ಚಿಟ್ಟಿದ್ದರು.

ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆ ಎಷ್ಟು ಗಾಡಿ ಹಾಳು ಮಾಡಿದೆಯೋ! ತಣ್ಣನೆ ಓಡುವ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೈಲೇಜ್ ಬೀಳುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ, ಆಯಿಲ್‌ನಲ್ಲಿನ ತೇವ ಆವಿಯಾಗುವುದಿಲ್ಲ, ಸವೆತ ಹೆಚ್ಚುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್‌ಗೆ ಎರಡು ಕೆಲಸ. ಅದು ರೇಡಿಯೇಟರ್ ದಾರಿ ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಎಂಜಿನ್ ಒಳಗೇ ಸುತ್ತುತ್ತದೆ. ಈ ಎಂಜಿನ್ ಆ ಜಾತಿಯದ್ದೇ. ಹೈವೇಯಲ್ಲಿ ಬೇಕಾದ್ದಕ್ಕಿಂತ ತಣ್ಣಗೆ, ಟ್ರಾಫಿಕ್‌ನಲ್ಲಿ ಬೇಕಾದ್ದಕ್ಕಿಂತ ಬಿಸಿ, ಹೀಗೆ ಎರಡೂ ಕಡೆ ನಷ್ಟ.

ಫ್ಯಾನ್

ಗಾಡಿ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟೆವು. 90, 95, 98. ಈ ಮಾದರಿಯಲ್ಲಿ ಅಷ್ಟರೊಳಗೆ ಫ್ಯಾನ್ ಕಡಿಮೆ ವೇಗದಲ್ಲಿ ತಿರುಗಬೇಕು. ತಿರುಗಲಿಲ್ಲ. 105 ಹತ್ತಿರ ಬಂದಾಗ ಒಮ್ಮೆಗೇ ಜೋರಾಗಿ ಹೊಡೆದುಕೊಂಡಿತು. ಎಸಿ ಆನ್ ಮಾಡಿದರೂ ಕಡಿಮೆ ವೇಗ ಬರಲಿಲ್ಲ.

ಫ್ಯಾನ್ ಮೋಟರ್ ಸರಿಯಿದೆ, ಜೋರು ವೇಗದ ರಿಲೇ ಸರಿಯಿದೆ ಎಂದು ಇದರಿಂದಲೇ ತಿಳಿಯಿತು. ಕಡಿಮೆ ವೇಗಕ್ಕೆ ಕರೆಂಟ್ ಹೋಗುವುದು ಫ್ಯಾನ್ ಚೌಕಟ್ಟಿಗೆ ಕೂರಿಸಿದ ರೆಸಿಸ್ಟರ್ ಮೂಲಕ. ಮಲ್ಟಿಮೀಟರ್ ಹಿಡಿದರೆ ಅದು ಪೂರ್ತಿ ಓಪನ್, ಅಂದರೆ ಕರೆಂಟ್ ದಾಟುತ್ತಲೇ ಇರಲಿಲ್ಲ, ಒಳಗೆ ಸುಟ್ಟುಹೋಗಿತ್ತು. ಫ್ಯಾನ್ ತಿರುಗುವುದನ್ನು ಯಾರೋ ಒಮ್ಮೆ ನೋಡಿ ಸರಿಯಿದೆ ಎಂದು ಬಿಟ್ಟಿರಬೇಕು. ತಿರುಗುತ್ತದೆಯೇ ಎಂದು ನೋಡಿದರೆ ಸಾಲದು, ಎಷ್ಟು ಡಿಗ್ರಿಗೆ, ಯಾವ ವೇಗದಲ್ಲಿ ಎಂದು ನೋಡಬೇಕು. ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಿ ಇದನ್ನು ಅಳೆಯಲಾಗದು. ಎಷ್ಟೋ ಗಾಡಿಗಳಲ್ಲಿ ಸುಮಾರು 80ರಿಂದ 100ರವರೆಗೂ ಅದು ನಡುವಿನಲ್ಲೇ ಕೂತಿರುವಂತೆ ಮಾಡಿರುತ್ತಾರೆ, ಅದು ಅಲುಗಾಡಿದಾಗಲೇ ತಡವಾಗಿರುತ್ತದೆ. ಹೀಟ್ ಆಗುತ್ತಿದ್ದ ಗಾಡಿಯ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ. ಸೆನ್ಸರ್ ಇರುವಲ್ಲಿ ನೀರೇ ಇಲ್ಲದಿದ್ದರೂ ಹಾಗಾಗುತ್ತದೆ. ತಕ್ಷಣ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ.

ಎಸಿಗೆ ಗೇಜ್ ಹಾಕಿದೆವು. ನಿಂತಲ್ಲಿ ಹೈ ಸೈಡ್ (ಕಂಪ್ರೆಸರ್ ಒತ್ತಿ ಹೊರಬಿಡುವ ಕಡೆಯ) ಒತ್ತಡ 350 ಪಿಎಸ್‌ಐ ದಾಟಿತು, ಒಳಗಿನ ಗಾಳಿ ಬೆಚ್ಚಗಾಯಿತು. ಗ್ರಿಲ್ ಮುಂದೆ ದೊಡ್ಡ ಸ್ಟ್ಯಾಂಡ್ ಫ್ಯಾನ್ ಇಟ್ಟು ಜೋರಾಗಿ ಗಾಳಿ ಬಿಟ್ಟಾಗ ಒತ್ತಡ ಇಳಿಯಿತು, ಗಾಳಿ ಮತ್ತೆ ತಂಪಾಯಿತು. ಕಂಪ್ರೆಸರ್ ಮುಟ್ಟದೆ, ಗ್ಯಾಸ್ ಮುಟ್ಟದೆ ಎಸಿ ತೊಂದರೆಯ ಮೂಲ ಖಚಿತವಾಯಿತು. ಗ್ಯಾಸ್ ಹೊರಗೆ ಬಿಡದೆ ಮೆಷಿನ್‌ಗೆ ಎಳೆದು ತೂಕ ನೋಡಿದರೆ ಬಾನೆಟ್ ಅಡಿಯ ಸ್ಟಿಕರ್‌ನಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ಇತ್ತು. ಹೆಚ್ಚು ತುಂಬಿದರೆ ಒತ್ತಡ ಇನ್ನೂ ಏರುತ್ತದೆ, ತಂಪು ಇನ್ನೂ ಕಡಿಮೆಯಾಗುತ್ತದೆ. ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಎಂದೇ ಲೆಕ್ಕ. ಗಾಳಿಗೆ ಬಿಡುವುದಂತೂ ತಪ್ಪು. ಆರ್-134ಎ ಎಂಬ ಎಸಿ ಗ್ಯಾಸ್ ಒಂದು ಕಿಲೋ ಹೊರಬಿದ್ದರೆ ಭೂಮಿಯನ್ನು ಬಿಸಿ ಮಾಡುವ ಮಟ್ಟಿಗೆ ಸುಮಾರು 1430 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ.

ಹೆಡ್ ಗ್ಯಾಸ್ಕೆಟ್ ಹೋಗಿದೆಯೇ?

ಮಾಲಕಿಗೆ ನಿದ್ದೆ ಕೆಡಿಸಿದ್ದ ಪ್ರಶ್ನೆ ಇದು. ಹೆಡ್ ಇಳಿಸುವ ಮೊದಲು ಇದಕ್ಕೆ ಸಾಕ್ಷಿ ಕೇಳುವ ಹಕ್ಕು ಪ್ರತಿ ಗಾಡಿ ಮಾಲೀಕರಿಗೂ ಇದೆ, ಸಾಕ್ಷಿ ಒದಗಿಸುವುದು ಕಷ್ಟವೂ ಅಲ್ಲ.

ಗ್ಯಾಸ್ಕೆಟ್ ಸೋರಿದರೆ ಸಿಲಿಂಡರ್‌ನ ಉರಿದ ಹೊಗೆ ಕೂಲೆಂಟ್‌ಗೆ ಸೇರುತ್ತದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದು ನೋಡುವ ಪರೀಕ್ಷೆಯಿದೆ. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನೀರು ಟ್ಯೂಬ್ ಒಳಗೆ ಎಳೆದು ಬರದಂತೆ ಮಟ್ಟ ಸ್ವಲ್ಪ ಇಳಿಸಿಕೊಂಡು ಮಾಡಬೇಕು. ನೀಲಿ ನೀಲಿಯಾಗಿಯೇ ಉಳಿಯಿತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ, ನೀರು ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತಾಗುವುದು ಇನ್ನೊಂದು ಗುರುತು. ಅದೂ ಇರಲಿಲ್ಲ. ಎಂಜಿನ್ ತಣ್ಣಗಿದ್ದಾಗ ಪಂಪಿನಿಂದ 13 ಪಿಎಸ್‌ಐ ಒತ್ತಡ ಕೊಟ್ಟು ಬಿಟ್ಟೆವು, ಪಂಪಿನ ಗೇಜ್ ಮುಳ್ಳು ಇಳಿಯಲಿಲ್ಲ.

ಹಾಗಾದರೆ ಗ್ಯಾಸ್ಕೆಟ್ ಹೋಗಿದೆ ಎಂದವರು ನೋಡಿದ್ದು ಏನು? ಆಯಿಲ್ ಮುಚ್ಚಳದ ಅಡಿಯಲ್ಲಿ ಕೆನೆಯಂಥ ಬಿಳಿ ಪದಾರ್ಥವಿತ್ತು. ಅದು ಎಂಜಿನ್ ಸದಾ ತಣ್ಣಗೆ ಓಡಿದ್ದರಿಂದ ಒಣಗದೆ ಉಳಿದ ತೇವ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಶುದ್ಧವಾಗಿತ್ತು. ಕಿತ್ತೆಸೆದ ಒಂದು ಥರ್ಮೋಸ್ಟಾಟ್ ಗ್ಯಾಸ್ಕೆಟ್ ಹೋದಂತೆ ಕಾಣುವ ಸುಳ್ಳು ಗುರುತನ್ನು ಹುಟ್ಟಿಸಿತ್ತು.

ಸರಿಪಡಿಸಿದ ಕ್ರಮ

ಎಲ್ಲವನ್ನೂ ಒಂದೇ ಸಲ ಬದಲಿಸಿದರೆ ಯಾವುದು ಯಾವುದಕ್ಕೆ ಕಾರಣ ಎಂದು ತಿಳಿಯುವುದಿಲ್ಲ. ಮೊದಲು ಫ್ಯಾನ್ ರೆಸಿಸ್ಟರ್ ಮಾತ್ರ ಹಾಕಿದೆವು. ನಿಂತಲ್ಲಿ ತಾಪ 97 ದಾಟಲಿಲ್ಲ. ಆಮೇಲೆ ಥರ್ಮೋಸ್ಟಾಟ್. ಹೊಸದನ್ನೂ ಕಾಯಲು ಇಟ್ಟ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಳಿಬಿಟ್ಟು, ಎಷ್ಟು ಡಿಗ್ರಿಗೆ ತೆರೆಯುತ್ತದೆ ಎಂದು ನೋಡಿಯೇ ಕೂರಿಸುವುದು ನಮ್ಮ ಪದ್ಧತಿ. ಅದಾದ ಮೇಲೆ ಹೈವೇಯಲ್ಲಿ ತಾಪ 84ರ ಆಸುಪಾಸಿನಲ್ಲಿ ನಿಂತಿತು, ಕೋಡ್ ಮತ್ತೆ ಬರಲಿಲ್ಲ. ಎಸಿ ಗ್ಯಾಸನ್ನು ಸ್ಟಿಕರ್‌ನ ತೂಕಕ್ಕೆ ಸರಿಯಾಗಿ ತುಂಬಿದೆವು, ನಿಂತಲ್ಲೂ ತಂಪು ಬಂತು.

ಹೀಟರ್ ಮಾತ್ರ ಇನ್ನೂ ಉಗುರುಬೆಚ್ಚಗೆ. ಇಷ್ಟೆಲ್ಲ ಸರಿಯಾದ ಮೇಲೂ ಉಳಿಯುವ ಇಂಥ ತಕರಾರನ್ನು ಬಹಳ ಕಡೆ ಹಳೇ ಗಾಡಿ ಅಲ್ವಾ ಎಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಗಾಜಿನ ಮೇಲಿನ ಮಂಜು ತೆಗೆಯುವುದು ಇದೇ ಹೀಟರ್, ಚಳಿಯಲ್ಲಿ ಅದು ರಸ್ತೆ ಕಾಣುವ ಪ್ರಶ್ನೆ.

ಐಡ್ಲಿಂಗ್‌ನಲ್ಲಿ ತಣ್ಣಗೆ, ಆಕ್ಸಿಲರೇಟರ್ ಒತ್ತಿದರೆ ಬೆಚ್ಚಗೆ ಎಂಬುದು ನೀರು ಕಡಿಮೆಯಾಗಿ, ಗಾಳಿ ಬಿಸಿಮಾಡುವ ಪುಟ್ಟ ರೇಡಿಯೇಟರ್ ಆದ ಹೀಟರ್ ಕೋರ್‌ನಲ್ಲಿ ಗಾಳಿ ಕೂತಾಗಿನ ಲಕ್ಷಣ. ಕೋರ್ ಎತ್ತರದಲ್ಲಿರುವುದರಿಂದ ಗಾಳಿ ಮೊದಲು ಸೇರುವುದು ಅಲ್ಲಿಗೇ. ವಾಟರ್ ಪಂಪಿನ ರೆಕ್ಕೆ ಸವೆದಿದ್ದರೂ ಹೀಗೇ ಆಗುತ್ತದೆ. ನೀರು ತುಂಬಿ ಗಾಳಿ ತೆಗೆದ ಮೇಲೆ ಆ ಏರುಪೇರು ಹೋಯಿತು, ಹಾಗಾಗಿ ಪಂಪ್ ಬಚಾವಾಯಿತು. ಉಳಿದದ್ದು ಯಾವಾಗಲೂ ಒಂದೇ ಸಮ ಉಗುರುಬೆಚ್ಚಗಿನ ಗಾಳಿ. ಇದಕ್ಕೆ ಹೀಟರ್‌ಗೆ ಹೋಗುವ ಮತ್ತು ವಾಪಸ್ ಬರುವ ಎರಡು ಹೋಸ್‌ಗಳ ತಾಪ ನೋಡಬೇಕು. ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ಡ್ಯಾಶ್‌ಬೋರ್ಡ್ ಒಳಗೆ ಬಿಸಿ, ತಣ್ಣನೆ ಗಾಳಿ ಬೆರೆಸುವ ಬ್ಲೆಂಡ್ ಫ್ಲಾಪ್ ಅಥವಾ ಅದರ ಕೇಬಲ್ ದೋಷ. ಇಲ್ಲಿ ಹೋಗುವುದು 83, ಬರುವುದು 45. ಕೋರ್ ಒಳಗೇ ಕಟ್ಟಿಕೊಂಡಿತ್ತು. ತಾಪ ಅಳೆಯುವ ಇನ್‌ಫ್ರಾರೆಡ್ ಗನ್‌ನ್ನು ಹೊಳೆಯುವ ಅಲ್ಯೂಮಿನಿಯಂಗೆ ಹಿಡಿದರೆ ಸುಳ್ಳು ಲೆಕ್ಕ ಕೊಡುತ್ತದೆ, ಕಪ್ಪು ರಬ್ಬರ್‌ಗೆ ಹಿಡಿಯಬೇಕು.

ಆಗ ಬರೆದಿಟ್ಟುಕೊಂಡ ಕಂದು ಹರಳುಗಳು ನೆನಪಾದವು. ಲೀಕ್ ನಿಲ್ಲಿಸುವ ಪುಡಿಗೆ ಯಾವುದು ತೂತು, ಯಾವುದು ಕೋರ್‌ನ ಸಣ್ಣ ನಾಳ ಎಂದು ಗೊತ್ತಾಗುವುದಿಲ್ಲ. ಹೋಸ್‌ಗಳನ್ನು ಬಿಚ್ಚಿ, ವಾಪಸ್ ಬರುವ ಕಡೆಯಿಂದ ಕಡಿಮೆ ಒತ್ತಡದ ನೀರು ಬಿಟ್ಟೆವು. ಕಂಪ್ರೆಸರ್ ಗಾಳಿ ಹೊಡೆದರೆ ಕೋರ್‌ನ ಜೋಡಣೆ ಬಾಯಿಬಿಟ್ಟು, ಇಡೀ ಡ್ಯಾಶ್‌ಬೋರ್ಡ್ ಇಳಿಸುವ ಕೆಲಸವಾಗುತ್ತದೆ. ಬಹಳ ಹೊತ್ತು ಕೆಸರು ಬಂತು. ತಿಳಿನೀರು ಬರುವವರೆಗೂ ದಿಕ್ಕು ಬದಲಿಸಿ ಬದಲಿಸಿ ತೊಳೆದೆವು. ಮತ್ತೆ ಜೋಡಿಸಿದಾಗ ವಾಪಸ್ ಹೋಸ್ 70 ಮುಟ್ಟಿತು, ಒಳಗೆ ನಿಜವಾದ ಬಿಸಿಗಾಳಿ ಬಂತು.

ಕೊನೆಗೆ ಡಿಸ್ಟಿಲ್ಡ್ ವಾಟರ್ ಮತ್ತು ಗಾಡಿಗೆ ಹೇಳಿದ ಜಾತಿಯ ಕೂಲೆಂಟ್ ಅರ್ಧ ಅರ್ಧ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು, ತುಕ್ಕನ್ನೂ ತಡೆಯುತ್ತದೆ. ಕೂಲೆಂಟ್‌ನ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ, ಬಣ್ಣ ಹೊಂದುತ್ತದೆ ಎಂದು ಬೆರೆಸಬಾರದು. ತೆಗೆದ ಹಳೆಯದನ್ನು ಚರಂಡಿಗೆ ಸುರಿಯಲೂಬಾರದು. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ನಾಯಿ, ಬೆಕ್ಕು, ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಏರಿಸಿ ರೇಡಿಯೇಟರ್ ಬಾಯಿ ಎತ್ತರಕ್ಕೆ ಬರುವಂತೆ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಬಾಯಿಗೆ ಫನೆಲ್ ಕೂರಿಸಿ, ಗುಳ್ಳೆ ನಿಲ್ಲುವವರೆಗೆ ಐಡ್ಲಿಂಗ್‌ನಲ್ಲಿ ಬಿಟ್ಟು ಗಾಳಿ ತೆಗೆದೆವು.

ಮಾಲಕಿಗೆ ಎರಡು ಕೆಲಸ ಒಪ್ಪಿಸಿ ಗಾಡಿ ಕೊಟ್ಟೆವು. ಇನ್ನು ಮೇಲೆ ಬಾಟಲ್ ನೋಡಿದರೆ ಸಾಲದು. ತಿಂಗಳಿಗೊಮ್ಮೆ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು, ನೀರು ಬಾಯಿಯವರೆಗೆ ಇದೆಯೇ ನೋಡಬೇಕು. ಎರಡನೆಯದು ವಾಟರ್ ಪಂಪ್. ಅದರ ಸೀಲ್ ಎಷ್ಟು ಕಾಲ ಬರೀ ನೀರಿನಲ್ಲಿ, ತುಕ್ಕಿನ ಜೊತೆ ಓಡಿದೆಯೋ ತಿಳಿಯದು. ಕೆಸರು ಹೋದ ಮೇಲೆ ಸವೆದ ಸೀಲ್ ಸೋರಲು ಶುರುವಾಗುವುದುಂಟು. ಪಂಪಿನ ಅಡಿಯಲ್ಲಿ ಅದಕ್ಕೆಂದೇ ಬಿಟ್ಟ ಸಣ್ಣ ತೂತಿದೆ. ಅದರ ಕೆಳಗೆ ಕೂಲೆಂಟ್ ಬಣ್ಣದ ಒಣಗಿದ ಗೆರೆ ಕಂಡರೆ ಮುಳ್ಳು ಏರುವವರೆಗೂ ಕಾಯದೆ ಗಾಡಿ ತರಬೇಕೆಂದು, ಟಾರ್ಚ್ ಹಿಡಿದು ಆ ತೂತು ಎಲ್ಲಿದೆ ಎಂದು ತೋರಿಸಿದೆವು.